ನುಣುಪೆಲ್ಲ ರೋಮಿನದಲ್ಲ

ಕನ್ನಡ ನಾಡಿನ ನೆಲದಲ್ಲಿ ನುಣುಪಾದ ಹಳೆಯ ಮಡಕೆ ಚೂರು ಸಿಕ್ಕರೆ ಅದನ್ನು ರೋಮಿನ ಲೆಕ್ಕಕ್ಕೆ ಬರೆಯುವ ಚಾಳಿ ನಮ್ಮಲ್ಲಿ ಬಹುಕಾಲದಿಂದ ಇದೆ. ಇದಕ್ಕೆ ಬುನಾದಿ ಹಾಕಿದವರು ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್. 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ, 1947ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅವರು ಅಗೆಸಿದಾಗ ರೌಲೆಟೆಡ್ ತಟ್ಟೆಗಳ ಚೂರು ಸಿಕ್ಕವು. ತೆಳುವಾದ ಗಟ್ಟಿ ಮೈ, ಒಳತಳದಲ್ಲಿ ಸುತ್ತಲೂ ಸಣ್ಣ ಗೀರುಗಳ ಪಟ್ಟಿ. ಈ ಕಸುಬು ಮೆಡಿಟರೇನಿಯನ್ ಕಡೆಯಿಂದ ಬಂದದ್ದೆಂದು ಅವರು ತೀರ್ಮಾನಿಸಿದರು. ಈ ಚೂರುಗಳ ಬಲದ ಮೇಲೆ ದಕ್ಷಿಣದ ಕಾಲಗಣನೆಗೆ ಒಂದು ಗೂಟ ಸಿಕ್ಕಿತು ನಿಜ. ಆದರೆ ತಟ್ಟೆಯ ಹುಟ್ಟೂರು ತಪ್ಪಾಯಿತು.

ಹೋಲಿಕೆಗೆ ರೋಮನ್ ಕಾಲದ ಈಜಿಪ್ಟಿನ ಹೊಳಪಿನ ಪಾತ್ರೆಗಳನ್ನು ಪಕ್ಕದಲ್ಲಿಟ್ಟು ನೋಡಿ. ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅಲ್ಲಿನ ಮೆಂಫಿಸ್‌ನಲ್ಲಿ ಪತ್ತೆಮಾಡಿದ ಆವಿಗೆಗಳಲ್ಲಿ ಬೇಯುತ್ತಿದ್ದುದು ಫಯಾನ್ಸ್. ಅದರ ಮೈ ಜೇಡಿಮಣ್ಣಿನದಲ್ಲ, ಬೆಣಚುಕಲ್ಲಿನ ಪುಡಿಯದು. ಮೇಲಿನದು ಕ್ಷಾರ, ತಾಮ್ರ ಕೂಡಿದ ನೀಲಿ ಗಾಜಿನ ಲೇಪ. ನಮ್ಮ ರೌಲೆಟೆಡ್ ತಟ್ಟೆಯ ಮೇಲೆ ಗಾಜೇ ಇಲ್ಲ. ಅದರ ನುಣುಪು ಸೋಸಿದ ಜೇಡಿಯದು, ತೆಳು ಮಣ್ಣಿನ ಲೇಪದ್ದು, ಹದವಾದ ಬೆಂಕಿಯದು. ಇಲ್ಲಿನ ಬೃಹತ್ ಶಿಲಾಯುಗದ ಗೋರಿಗಳಲ್ಲಿ ಸಿಗುವ ಕಪ್ಪು-ಕೆಂಪು ಮಡಕೆಗಳೂ ಹೊಳೆಯುತ್ತವೆ. ಅವನ್ನು ಮಾಡಿದ ಕುಂಬಾರರು ರೋಮಿನ ಹಡಗಿಗೆ ಕಾದವರಲ್ಲ.

1980ರ ದಶಕದಲ್ಲಿ ಪುರಾತತ್ವಜ್ಞೆ ವಿಮಲಾ ಬೇಗ್ಲಿ ಅರಿಕಮೇಡಿನ ಸಾಕ್ಷ್ಯವನ್ನು ಮತ್ತೆ ಕೆದಕಿ, ಈ ತಟ್ಟೆಗಳು ರೋಮನ್ ವ್ಯಾಪಾರ ಕುದುರುವ ಮೊದಲೇ ಇದ್ದವೆಂದು ವಾದಿಸಿದರು. ಮುಂದೆ ನಡೆದ ಮಣ್ಣಿನ ಪರೀಕ್ಷೆಗಳೂ ಭಾರತದ ಜೇಡಿಯನ್ನೇ ತೋರಿಸಿದವು. ಈಜಿಪ್ಟಿನ ಕೆಂಪು ಸಮುದ್ರದ ದಂಡೆಯ ಬೆರೆನಿಕೆಯಲ್ಲಿ ಭಾರತದ ಇಂಥ ನಯವಾದ ಪಾತ್ರೆಗಳ ಚೂರುಗಳೂ ಸಿಕ್ಕಿವೆ. ಅಂದರೆ ಈಜಿಪ್ಟಿಗೆ ಮಡಕೆ ಹೋದದ್ದು ಇಲ್ಲಿಂದ.

ವ್ಹೀಲರ್ ಪಕ್ಷದ ಒಂದು ಮಾತನ್ನು ಒಪ್ಪಬೇಕು. ಅರಿಕಮೇಡಿನ ಆಂಫೋರಾ ಜಾಡಿಗಳು, ಚಂದ್ರವಳ್ಳಿಯ ರೋಮನ್ ನಾಣ್ಯಗಳು ನಿಜವಾಗಿ ಕಡಲಾಚೆಯವು. ಗೀರು ಹಾಕುವ ಕೌಶಲ ಅಲ್ಲಿಂದ ಬಂದಿರಲೂಬಹುದು. ಆದರೆ ಕೌಶಲ ಕಲಿತ ಮಾತ್ರಕ್ಕೆ ಕುಂಬಾರ ಪರದೇಶಿಯಾಗುವುದಿಲ್ಲ. ನಾಣ್ಯ ಬಂದದ್ದು ವ್ಯಾಪಾರಕ್ಕೆ ಸಾಕ್ಷಿ, ಮಡಕೆಯ ತವರಿಗಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಇತಿಹಾಸದ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಮಕ್ಕಳು ನುಣುಪಾದ ಬೋಕಿ ತಂದು ತೋರಿಸಿದರೆ ಮೊದಲು ಮುರಿದ ಅಂಚು ನೋಡಿ. ಮಣ್ಣೋ ಕಲ್ಲಪುಡಿಯೋ, ಲೇಪ ಗಾಜೋ ಜೇಡಿಯೋ ಎಂದು ಕೇಳಿ. ರೋಮಿನ ಹೆಸರು ಆಮೇಲೆ ಬರಲಿ.