ಫೋಟೋದಲ್ಲಿ ಕಾಣುವುದು ಶಾಸನವೇ?

ಕಡೂರು ತಾಲ್ಲೂಕಿನ ಹಿರೇನಲ್ಲೂರಿನಲ್ಲಿ ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯವಿದೆ. ಇಂಥ ಊರುಗಳಿಗೆ ಹೋಗಿಬಂದವರು ಶಾಸನದ ಫೋಟೋ ಹಾಕಿ “ಓದಿಕೊಡಿ ಸರ್” ಅನ್ನೋದು ಈಗ ಸಾಮಾನ್ಯ. ಅವರ ಉತ್ಸಾಹ ದೊಡ್ಡದು. ಆದರೆ ಫೋಟೋ ನೋಡಿದರೆ ಶಾಸನವನ್ನೇ ನೋಡಿದಂತೆ ಎಂಬ ನಂಬಿಕೆಗೆ ನನ್ನ ತಕರಾರಿದೆ.

ಶಾಸನದ ಅಕ್ಷರವೆಂದರೆ ಕಲ್ಲಿನಲ್ಲಿ ಕೊರೆದ ತಗ್ಗು. ಫೋಟೋದಲ್ಲಿ ಬರುವುದು ಆ ತಗ್ಗಿನ ನೆರಳು ಮಾತ್ರ. ಬೆಳಕು ನೇರ ಎದುರಿನಿಂದ ಬಿದ್ದರೆ ನೆರಳಿಲ್ಲ, ಅಕ್ಷರವೂ ಇಲ್ಲ. ಓರೆಯಾಗಿ ಬಿದ್ದರೆ ಬೆಳಕಿಗೆ ಅಡ್ಡಲಾಗಿರುವ ಗೆರೆ ಎದ್ದು ಕಾಣುತ್ತೆ, ಬೆಳಕಿನ ದಿಕ್ಕಿನಲ್ಲೇ ಇರುವ ಗೆರೆ ಅಡಗುತ್ತೆ. ‘ಪ’ ಮತ್ತು ‘ಷ’ಕ್ಕೆ ಇರುವ ವ್ಯತ್ಯಾಸ ಒಳಗಿನ ಒಂದು ಗೀರು. ಅದು ಅಡಗಿದರೆ ಅಕ್ಷರವೇ ಬೇರೆ. ಆ ಅಕ್ಷರ ಊರಿನ ಹೆಸರಿನಲ್ಲಿದ್ದರಂತೂ ದಾನ ಕೊಟ್ಟ ಊರೇ ಬದಲಾಗಿಬಿಡುತ್ತೆ!

ಇನ್ನು ನಮ್ಮ ಮನಸ್ಸಿನ ಆಟ. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ಅದು ಮೊದಲೇ ಅಂದುಕೊಂಡಿರುತ್ತದೆ. ಹಾಗಾಗಿ ಶಾಸನದ ಫೋಟೋವನ್ನು ತಲೆಕೆಳಗು ಮಾಡಿದರೆ ಕೊರೆದ ಅಕ್ಷರ ಉಬ್ಬಿದಂತೆ ಕಾಣಬಹುದು. ನಿಮ್ಮ ಮೊಬೈಲಿನಲ್ಲೇ ಪರೀಕ್ಷಿಸಿ ನೋಡಿ.

ಸೀಮೆಸುಣ್ಣ ತುಂಬಿ ತೆಗೆದ ಫೋಟೋ ಇನ್ನೂ ಅಪಾಯಕಾರಿ. ಸುಣ್ಣ ಬಳಿದವರು ಯಾವುದನ್ನು ಅಕ್ಷರ, ಯಾವುದನ್ನು ಬಿರುಕು ಅಂದುಕೊಂಡರೋ ನಾವು ಓದುವುದು ಅದನ್ನೇ. ಅದು ಅವರ ಪಾಠ, ಕಲ್ಲಿನದ್ದಲ್ಲ.

ಈ ವಿಷಯದಲ್ಲಿ ಹಳೆಯ ಪಡಿಯಚ್ಚು ಮೇಲು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ. ಅಕ್ಷರ ಬಿಳಿ, ಹಿನ್ನೆಲೆ ಕಪ್ಪು. ಇಲ್ಲಿ ಬಿಸಿಲಿನ ಹಂಗಿಲ್ಲ. ಆದರೆ ಬಿರುಕೂ ಬಿಳಿಯಾಗಿಯೇ ಮೂಡುತ್ತದೆ. ಬೇರ್ಪಡಿಸುವ ಕೆಲಸ ಓದುವವರದೇ.

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಕಡೂರು ಜಿಲ್ಲೆಯ 6ನೇ ಸಂಪುಟ ಬಂದದ್ದು 1901ರಲ್ಲಿ. ಅಲ್ಲಿ ಬಹುಪಾಲು ಶಾಸನಗಳಿಗೆ ಪಾಠವಿದೆ, ಚಿತ್ರವಿಲ್ಲ. ಇಂದು ಚಿತ್ರ ರಾಶಿ ರಾಶಿ, ಪಾಠವಿಲ್ಲ. ಎರಡನ್ನೂ ಎದುರುಬದುರು ಇಟ್ಟಾಗಲೇ ಪರಿಶೀಲನೆ ಸಾಧ್ಯ. ಬೆಂಗಳೂರಿನ ಮಿಥಿಕ್ ಸೊಸೈಟಿ ಮಾಡುತ್ತಿರುವ 3ಡಿ ಸ್ಕ್ಯಾನಿಂಗ್ ನನಗೆ ಮುಖ್ಯವೆನಿಸುವುದು ಇದಕ್ಕೇ: ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆ ತಿರುಗಿಸಿ, ನಮ್ಮ ಓದನ್ನು ನಾವೇ ಪ್ರಶ್ನಿಸಬಹುದು.

ಸ್ಕ್ಯಾನರ್ ಇಲ್ಲದವರಿಗೂ ದಾರಿಯಿದೆ. ಸುಣ್ಣ ಬೇಡ. ಇಡೀ ಕಲ್ಲಿನದೊಂದು ಫೋಟೋ ಇರಲಿ. ಆಮೇಲೆ ಟಾರ್ಚನ್ನು ಎಡ, ಬಲ, ಮೇಲೆ ಹಿಡಿದು ಒಂದೊಂದು ತೆಗೆಯಿರಿ. ಬೆಳಕು ಯಾವ ಕಡೆಯದೆಂದು ಬರೆಯಿರಿ. ಅಷ್ಟಿದ್ದರೆ ಓದುವವರು ನೆರಳನ್ನಲ್ಲ, ಕಲ್ಲನ್ನು ಓದಬಹುದು.