ಬಣ್ಣದ ಕೆಳಗಿನ ಜೀಪು

ಹಳೆಯ ಜೀಪೊಂದು ಮಾರಾಟಕ್ಕೆ ಬಂದರೆ ನಾವು ಕೇಳುವ ಮೊದಲ ಪ್ರಶ್ನೆ, 'ಎಷ್ಟು ಖರ್ಚು ಮಾಡಿ ರೆಡಿ ಮಾಡಿಸ್ಯಾರ?' ಎಂಬುದು. ಮಾರುವವರೂ ಅಲ್ಲಿಂದಲೇ ಮಾತು ಶುರು ಮಾಡುತ್ತಾರೆ. ಟಿಂಕರಿಂಗ್‌ಗೆ ಇಷ್ಟು, ಪೇಂಟಿಂಗ್‌ಗೆ ಇಷ್ಟು, ಟಯರಿಗೆ ಇಷ್ಟು, ಸೀಟಿಗೆ ಇಷ್ಟು ಎಂದು ಬೆರಳು ಮಡಚುತ್ತಾ ಹೋಗಿ ಕೊನೆಗೆ ಆ ಮೊತ್ತದ ಮೇಲೆ ಜೀಪಿನ ಬೆಲೆಯನ್ನು ಕೂಡಿಸುತ್ತಾರೆ. ಈ ಲೆಕ್ಕವೇ ತಲೆಕೆಳಗಾದದ್ದು ಎಂಬುದು ನನ್ನ ವಾದ. ಚೆನ್ನಾಗಿ ಮಾಡದ ರಿಸ್ಟೋರೇಷನ್‌ಗೆ ಸುರಿದ ಹಣ ಬೆಲೆಗೆ ಕೂಡಿಸುವ ಹಣವಲ್ಲ, ಬೆಲೆಯಿಂದ ಕಳೆಯಬೇಕಾದ ಹಣ. ಕೊಂಡವನು ಮೊದಲು ಆ ಕೆಲಸವನ್ನು ಬಿಚ್ಚಿ ತೆಗೆಯಬೇಕು, ಆಮೇಲೆ ತನ್ನ ಕೆಲಸ ಶುರು ಮಾಡಬೇಕು. ಎರಡು ಖರ್ಚು ಅವನದೇ.

ಇದನ್ನು ಬರೀ ತತ್ವವಾಗಿ ಹೇಳುವುದಕ್ಕಿಂತ ಒಂದು ಜೀಪನ್ನೇ ಮುಂದಿಟ್ಟುಕೊಂಡು ನೋಡೋಣ. ಮಾಸೂರಿನಲ್ಲಿ ಮಾರಾಟಕ್ಕೆ ಬಂದಿದ್ದ ಜೀಪು ಅದು. ಕೊಳ್ಳಬೇಕೆಂದಿದ್ದವನು ನನ್ನ ಗೆಳೆಯ, ಆ ಕಡೆಯ ರೈತ. ಕೈಯಲ್ಲಿದ್ದದ್ದು ಆ ವರ್ಷದ ಗೋವಿನಜೋಳದ ದುಡ್ಡು. ಮಳೆಗಾಲದಲ್ಲಿ ಹೊಲದ ದಾರಿ ಕೆಸರಾದಾಗ ಓಡಿಸಲು ಗಾಡಿ ಬೇಕಿತ್ತು, ಜೊತೆಗೆ ಚಿಕ್ಕಂದಿನಿಂದ ಜೀಪಿನ ಹುಚ್ಚು ಬೇರೆ. ಮಾರುವವರ ವರ್ಣನೆ ಹೀಗಿತ್ತು: '1944ರ ಮಿಲಿಟರಿ ವಿಲ್ಲಿಸ್, ಫುಲ್ ರಿಸ್ಟೋರ್ಡ್, ಫೋರ್ ವೀಲ್.' ಬೆಲೆ ಐದೂವರೆ ಲಕ್ಷ. ಜೀಪಿಗೆ ಮಿಲಿಟರಿ ಹಸಿರು ಬಣ್ಣ, ಬಾನೆಟ್ಟಿನ ಮೇಲೆ ದೊಡ್ಡ ಬಿಳಿ ನಕ್ಷತ್ರ, ಅಗಲ ಟಯರು, ಮುಂದೆ ಕಬ್ಬಿಣದ ದಪ್ಪ ಬಂಪರು. ದೂರದಿಂದ ನೋಡಿದರೆ ಯಾರಿಗಾದರೂ ಮನಸ್ಸಾಗಬೇಕು.

ಹತ್ತಿರ ಹೋದರೆ ಜೀಪು ತಾನೇ ಬೇರೆ ಕಥೆ ಹೇಳುತ್ತಿತ್ತು. ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಮತ್ತು ಅದೇ ನಕ್ಷೆಯಲ್ಲಿ ಫೋರ್ಡ್ ಕಂಪನಿ ಮಾಡಿದ ಜಿಪಿಡಬ್ಲ್ಯೂ, ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ತಯಾರಾದವು. ಅವುಗಳನ್ನು ಗುರುತಿಸುವುದು ಕಷ್ಟವಲ್ಲ. ಒತ್ತಿ ಮಾಡಿದ ತಗಡಿನ ಗ್ರಿಲ್ಲಿನಲ್ಲಿ ಒಂಬತ್ತು ಸೀಳು. ಹೆಡ್‌ಲೈಟು ಚಿಕ್ಕದು, ಗ್ರಿಲ್ಲಿನ ಒಳಕ್ಕೆ ಸರಿದಿರುತ್ತದೆ. ಕತ್ತಲಲ್ಲಿ ರಿಪೇರಿ ಮಾಡುವಾಗ ಅದನ್ನು ಹಿಂದಕ್ಕೆ ತಿರುಗಿಸಿ ಎಂಜಿನ್ ಮೇಲೆ ಬೆಳಕು ಬೀಳಿಸಬಹುದು. ಹಿಂದೆ ತೆರೆಯುವ ಬಾಗಿಲಿಲ್ಲ. ಫೋರ್ಡ್ ಮಾಡಿದ್ದಾದರೆ ಬೋಲ್ಟುಗಳ ತಲೆಯ ಮೇಲೂ ಅದರ ಇಂಗ್ಲಿಷ್ ಮೊದಲಕ್ಷರ ಕೆತ್ತಿರುತ್ತದೆ. ಯುದ್ಧ ಮುಗಿದ ಮೇಲೆ ಬಂದ ನಾಗರಿಕ ಜೀಪಿಗೆ ಏಳು ಸೀಳು, ದೊಡ್ಡ ಹೆಡ್‌ಲೈಟು, ಹಿಂದೆ ಬಾಗಿಲು. ನಮ್ಮ ಮುಂದಿದ್ದ ಜೀಪಿಗೆ ಏಳು ಸೀಳಿದ್ದವು, ಹಿಂದೆ ಬಾಗಿಲಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬಾನೆಟ್ ಎತ್ತರವಾಗಿತ್ತು.

ಆ ಎತ್ತರವೇ ಅದರ ಹೆಸರು ಹೇಳುತ್ತದೆ. ಯುದ್ಧಕಾಲದ ಎಂಜಿನ್ನಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನೊಳಗೇ ಇದ್ದವು. ಆಮೇಲೆ ಬಂದ ಎಂಜಿನ್ನಿನಲ್ಲಿ ಗಾಳಿ ಒಳಗೆ ಬಿಡುವ ವಾಲ್ವುಗಳನ್ನು ಮೇಲಿನ ಹೆಡ್ಡಿಗೆ ತಂದರು. ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಎತ್ತರವಾಗಬೇಕಾಯಿತು. ಅದೇ ಸಿಜೆ–3ಬಿ. ಅಮೆರಿಕದಲ್ಲಿ 1953ರಲ್ಲಿ ಶುರುವಾದ ಈ ಮಾದರಿಯನ್ನು ನಮ್ಮಲ್ಲಿ ಮಹೀಂದ್ರ ಕಂಪನಿ ದಶಕಗಟ್ಟಲೆ ತಯಾರಿಸಿತು. ನಮ್ಮ ತೋಟ, ಕ್ವಾರಿ, ಪೊಲೀಸ್ ಠಾಣೆ, ಚುನಾವಣಾ ಪ್ರಚಾರಗಳಲ್ಲಿ ನಾವು ಕಂಡ ಜೀಪು ಬಹುಪಾಲು ಇದೇ ಕುಲದ್ದು. ಆರ್‌ಸಿ ತೆಗೆದು ನೋಡಿದರೆ ಅಲ್ಲಿಯೂ ಹಾಗೇ ಇತ್ತು: ಮಹೀಂದ್ರ, 1968, ಪೆಟ್ರೋಲ್.

1968ರ ಮಹೀಂದ್ರ ಜೀಪು ಕಡಿಮೆಯದಲ್ಲ. ಅದಕ್ಕೆ ಅದರದೇ ಬಾಳುವೆ ಇದೆ. ಆದರೆ ಅದನ್ನು ಸಿಂಗರಿಸಿದವರಿಗೆ ಆ ಬಾಳುವೆ ಸಾಲದೆನಿಸಿದೆ. ಬಾನೆಟ್ಟಿನ ಬಿಳಿ ನಕ್ಷತ್ರ ಯುದ್ಧಕಾಲದಲ್ಲಿ ಅಮೆರಿಕದ ಮತ್ತು ಮಿತ್ರಪಡೆಗಳ ವಾಹನಗಳ ಗುರುತು. ನಮ್ಮ ನಾಡಿನ ಹೊಲ ತೋಟಗಳಲ್ಲಿ ದುಡಿದ ಗಾಡಿಗೆ ಅದನ್ನು ಅಂಟಿಸುವುದೆಂದರೆ ಅದರ ನಿಜವಾದ ಚರಿತ್ರೆಯನ್ನು ಅಳಿಸಿ ಸಿನಿಮಾದ ಚರಿತ್ರೆಯನ್ನು ಬರೆದಂತೆ.

ಮಾಸೂರಿನವರಿಗೆ ಇಂಥ ಪ್ರಶ್ನೆ ಹೊಸದಲ್ಲ. ಸರ್ವಜ್ಞ ನಮ್ಮ ಊರಿನವನು ಎಂದು ಮಾಸೂರೂ ಹೇಳುತ್ತದೆ, ಅಬಲೂರೂ ಹೇಳುತ್ತದೆ. 1924ರಲ್ಲಿ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದರು. ಆ ಕೆಲಸಕ್ಕೆ ಕೈ ಹಾಕಿದ ಯಾರಿಗಾದರೂ ಎದುರಾಗುವ ತೊಡಕು ಒಂದೇ: ಮೂರು ಸಾಲು ಕಟ್ಟಿ ಕೊನೆಗೆ ಆ ಅಂಕಿತ ಇಡುವುದು ಯಾರಿಗೂ ಸಾಧ್ಯ. ಅಂಕಿತ ಅಂಟಿದ ಮಾತ್ರಕ್ಕೆ ತ್ರಿಪದಿ ಸರ್ವಜ್ಞನದಾಗುವುದಿಲ್ಲ. ನಕ್ಷತ್ರ ಅಂಟಿದ ಮಾತ್ರಕ್ಕೆ ಜೀಪು ಮಿಲಿಟರಿಯದೂ ಆಗುವುದಿಲ್ಲ. ಸಂಪಾದಕ ಅಂಕಿತವನ್ನು ಬಿಟ್ಟು ಭಾಷೆ, ಛಂದಸ್ಸು, ಪ್ರತಿಗಳ ಸಾಕ್ಷ್ಯ ನೋಡುತ್ತಾನೆ. ಜೀಪು ನೋಡುವವನೂ ಬಣ್ಣ ಬಿಟ್ಟು ಬೇರೆಲ್ಲ ನೋಡಬೇಕು.

ನಮ್ಮ ಜೊತೆ ಬಂದಿದ್ದ ವಯಸ್ಸಾದ ಮೆಕ್ಯಾನಿಕ್ ಅದನ್ನೇ ತಮ್ಮ ಮಾತಿನಲ್ಲಿ ಹೇಳಿದರು: 'ಸರ, ಬಣ್ಣಾ ಆಮ್ಯಾಲೆ ನೋಡೂಣು. ಮೊದಲ ಬುಡಾ ನೋಡ್ರಿ.' ಅವರು ಜೇಬಿನಿಂದ ಹಳೆಯ ಸ್ಪೀಕರಿನ ಅಯಸ್ಕಾಂತ ತೆಗೆದು ಬಾಡಿಗೆ ಹಿಡಿಯುತ್ತಾ ಹೋದರು. ಮಡ್‌ಗಾರ್ಡಿನ ಮೇಲೆ ಅಂಟಿತು, ಪಕ್ಕದ ತಗಡಿನ ಕೆಳಭಾಗದಲ್ಲಿ ಅಂಟದೆ ಕೈಗೆ ಬಂತು. ಅಲ್ಲಿರುವುದು ತಗಡಲ್ಲ, ಪುಟ್ಟಿ. ತುಕ್ಕು ತಿಂದ ಜಾಗವನ್ನು ಕತ್ತರಿಸಿ ಹೊಸ ತಗಡು ಕೂಡಿಸುವ ಬದಲು ಪುಟ್ಟಿ ಮೆತ್ತಿ ಉಜ್ಜಿ ಬಣ್ಣ ಹೊಡೆದಿದ್ದಾರೆ. ಒಳಗೆ ತುಕ್ಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಎರಡು ಮಳೆಗಾಲ ಕಳೆದರೆ ಬಣ್ಣ ಉಬ್ಬುತ್ತದೆ.

ಇಲ್ಲಿ ಒಂದು ವಿಚಿತ್ರವಿದೆ. ಈ ಜೀಪಿಗೆ ಬಿಡಿಭಾಗ ಸಿಗದಿರುವುದು ನಮ್ಮ ಸಮಸ್ಯೆಯಲ್ಲ, ಧಾರಾಳವಾಗಿ ಸಿಗುವುದೇ ಸಮಸ್ಯೆ. ಬೇಕೆಂದರೆ ಇಡೀ ಬಾಡಿಯೇ ಹೊಸದಾಗಿ ಸಿಗುತ್ತದೆ. ಹಾಗಾಗಿ ಉಳಿಸಬಹುದಾದ ಹಳೆಯ ತಗಡೂ ಗುಜರಿಗೆ ಹೋಗುತ್ತದೆ. ಹರಿಯಾಣದ ಮಂಡಿ ಡಬ್ವಾಲಿಯಂಥ ಊರುಗಳಲ್ಲಿ ಜೀಪು ಸಿಂಗರಿಸುವುದೇ ದೊಡ್ಡ ಕಸುಬು. ಕಸುಬುದಾರರ ಕೈಚಳಕದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅಲ್ಲಿ ತಯಾರಾಗುವುದು ಹೊಸ ಗಾಡಿ. ಅದನ್ನು ಹಳೆಯದು ಎಂದು ಕರೆದಾಗ ತಕರಾರು ಶುರುವಾಗುತ್ತದೆ.

ಮೆಕ್ಯಾನಿಕ್ ಗೋಣಿಚೀಲ ಹಾಸಿಕೊಂಡು ಜೀಪಿನ ಕೆಳಗೆ ಮಲಗಿದರು. ಮುಂದಿನ ಆಕ್ಸಲಿನಲ್ಲಿ ಡಿಫರೆನ್ಷಿಯಲ್ಲಿನ ಗುಂಡು ಭಾಗ ಇತ್ತು. ಅಂದರೆ ಈ ಗಾಡಿ ಹುಟ್ಟುವಾಗ ನಾಲ್ಕೂ ಚಕ್ರಕ್ಕೆ ಎಳೆತ ಇದ್ದದ್ದೇ. ಆದರೆ ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಆಕ್ಸಲಿಗೆ ಹೋಗಬೇಕಾದ ಶಾಫ್ಟೇ ಇರಲಿಲ್ಲ. ಒಳಗೆ ಡ್ರೈವರ್ ಪಕ್ಕದಲ್ಲಿ ಫೋರ್ ವೀಲ್ ಲಿವರು ಮಾತ್ರ ಹೊಸ ಕ್ರೋಮಿಯಂ ಗುಂಡಿ ಹಾಕಿಕೊಂಡು ನಿಂತಿತ್ತು. ಅದನ್ನು ಎಳೆದರೆ ಏನೂ ಆಗುವುದಿಲ್ಲ. ಕೆಸರಿನ ದಾರಿಗೆಂದು ಗಾಡಿ ಹುಡುಕುತ್ತಿದ್ದ ಗೆಳೆಯ ಆ ಲಿವರನ್ನು ಎರಡು ಸಲ ಎಳೆದು ನೋಡಿ ಸುಮ್ಮನಾದ.

ಎಂಜಿನ್ನೂ ಬೇರೆಯದೇ. ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಬಂದು ಕೂತಿದೆ. ಇಲ್ಲಿ ಆತುರದ ತೀರ್ಪು ಕೊಡಬಾರದು. ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಹಾಕಿಸಿಕೊಂಡವರು ಹಳ್ಳಿಗಳಲ್ಲಿ ಬಹಳ ಮಂದಿ. ಅವರಿಗೆ ಬೇಕಾಗಿದ್ದದ್ದು ಎಣ್ಣೆ ಕಡಿಮೆ ಕುಡಿಯುವ, ಭಾರ ಎಳೆಯುವ ಗಾಡಿ. ಅದು ದುರಸ್ತಿ. ಅದರಲ್ಲಿ ಮೋಸವಿಲ್ಲ. ಆ ಎಂಜಿನ್ನೂ ಜೀಪಿನ ಚರಿತ್ರೆಯ ಒಂದು ಅಧ್ಯಾಯ.

ನನ್ನ ಮಟ್ಟಿಗೆ ಹಳೆಯ ಗಾಡಿಗೆ ಮಾಡುವ ಕೆಲಸ ಮೂರು ಬಗೆ. ದುರಸ್ತಿ ಗಾಡಿಯನ್ನು ಓಡಿಸುತ್ತದೆ, ತಾನು ದುರಸ್ತಿ ಎಂದು ಒಪ್ಪಿಕೊಳ್ಳುತ್ತದೆ. ಜೀರ್ಣೋದ್ಧಾರ ಮೂಲದಲ್ಲಿ ಏನಿತ್ತೆಂದು ವಿಚಾರಿಸಿ ಅದಕ್ಕೆ ಹತ್ತಿರ ಹೋಗುತ್ತದೆ. ವೇಷ ಇವೆರಡನ್ನೂ ಬಿಟ್ಟು ನೋಡುವವರ ಕಣ್ಣಿಗೆ ಏನು ಬೇಕೋ ಅದನ್ನು ಹಾಕಿಕೊಳ್ಳುತ್ತದೆ. ಹಳೆಯ ಕಟ್ಟಡಗಳ ವಿಷಯದಲ್ಲಿ 1964ರ ವೆನಿಸ್ ಸನ್ನದು ಒಂದು ಗೆರೆ ಎಳೆದಿದೆ: ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು. ನಮ್ಮ ಕಡೆ ಹಳೆಯ ಗುಡಿಗಳ ಕಲ್ಲುಕಂಬಕ್ಕೆ ಎನಾಮೆಲ್ ಬಣ್ಣ ಹೊಡೆದದ್ದನ್ನು ಕಂಡು ಮರುಗಿದವರಿಗೆ ಈ ಗೆರೆ ಬೇಗ ಅರ್ಥವಾಗುತ್ತದೆ. ಹೊಡೆದವರಿಗೆ ಭಕ್ತಿ ಇರಲಿಲ್ಲವೆಂದಲ್ಲ. ಆದರೆ ಬಣ್ಣದ ಕೆಳಗೆ ಉಳಿಯ ಗುರುತು ಮುಚ್ಚಿಹೋಯಿತು.

ಕಾನೂನು ಕೂಡ ಈ ವ್ಯತ್ಯಾಸವನ್ನು ತನ್ನದೇ ರೀತಿಯಲ್ಲಿ ಮಾಡುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಜೊತೆಗೆ ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಹಾಗೆ ನೋಂದಣಿಯಾದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಎಣ್ಣೆ ಹಾಕಿಸುವುದು, ರಿಪೇರಿ ಮುಂತಾದ ಕೆಲಸಕ್ಕಷ್ಟೇ ರಸ್ತೆಗೆ ತರಬಹುದು. ಈ ಜೀಪು ವಯಸ್ಸಿನಲ್ಲಿ ಪಾಸು, ಎಂಜಿನ್ನಿನಲ್ಲಿ ಫೇಲು. ಪಾಸಾದರೂ ದಿನಾ ಹೊಲಕ್ಕೆ ಹೋಗುವವನಿಗೆ ಆ ನೋಂದಣಿಯಿಂದ ಉಪಯೋಗವಿಲ್ಲ. ಇನ್ನು ಸಾಮಾನ್ಯ ನೋಂದಣಿಯಲ್ಲೇ ಮುಂದುವರಿಸಿದರೆ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಿಸಬೇಕು. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಎತ್ತಿದರೆ ಡೀಸೆಲ್. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಇಂಥ ಬದಲಾವಣೆಗಳಿಗಾಗಿ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ಇಂಥ ಜೀಪನ್ನು ಕೊಳ್ಳಲೇಬಾರದೇ? ನಾನು ಹಾಗೆನ್ನುವುದಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಆಗಿರುವ ಕೆಟ್ಟ ಕೆಲಸವನ್ನು ಬಿಚ್ಚಲು ಬರುತ್ತದೆಯೇ, ಇಲ್ಲವೇ? ಬಣ್ಣ ಕೆರೆದು ತೆಗೆಯಬಹುದು. ಪುಟ್ಟಿ ತೆಗೆದು ತಗಡು ಕೂಡಿಸಬಹುದು. ಟಯರು, ಸೀಟು, ಬಂಪರು ಒಂದು ದಿನದ ಕೆಲಸ. ಶಾಫ್ಟು ಹುಡುಕಿ ತರಬಹುದು. ಇವೆಲ್ಲ ಖರ್ಚಿನ ಬಾಬತ್ತು. ಆದರೆ ಉದ್ದ ಕಡಿಮೆ ಮಾಡಲೆಂದೋ ಹೆಚ್ಚಿಸಲೆಂದೋ ಚಾಸಿ ಕೊಯ್ದು ಬೆಸೆದಿದ್ದರೆ, ಚಾಸಿ ನಂಬರನ್ನು ಉಜ್ಜಿ ಬೇರೆ ನಂಬರು ಹೊಡೆದಿದ್ದರೆ ಅದಕ್ಕೆ ಮದ್ದಿಲ್ಲ. ಕೆಟ್ಟ ಕೆಲಸವನ್ನು ಸರಿಪಡಿಸಬಹುದು, ಸುಳ್ಳನ್ನು ಸರಿಪಡಿಸಲಾಗುವುದಿಲ್ಲ. ನಂಬರು ಸುಳ್ಳಾದರೆ ಕೊಂಡವನ ಕೈಯಲ್ಲಿ ಉಳಿಯುವುದು ಜೀಪಲ್ಲ, ಪೊಲೀಸ್ ಕೇಸು.

ಆ ಜೀಪಿನ ಚಾಸಿಗೆ ಉದ್ದಕ್ಕೂ ದಪ್ಪ ಕಪ್ಪು ಬಣ್ಣ ಬಳಿದಿತ್ತು. ನಂಬರಿರುವ ಜಾಗವೂ ಅದರಡಿ ಹೋಗಿತ್ತು. ಅಂಗೈಯಗಲದಷ್ಟು ಕೆರೆದು ನೋಡುತ್ತೇವೆ ಎಂದು ಕೇಳಿದೆವು. ಮಾರುವವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ಥಿನ್ನರ್ ಹಚ್ಚಿ ಬಟ್ಟೆಯಿಂದ ಉಜ್ಜಿದಾಗ ನಂಬರು ಒಂದೊಂದಾಗಿ ಕಾಣಿಸಿತು. ಆರ್‌ಸಿಯ ಪ್ರತಿ ಅಂಕಿಗೂ ಹೊಂದಿತು. ಸುತ್ತ ಉಜ್ಜಿದ ಗುರುತಿಲ್ಲ, ಬೆಸುಗೆಯಿಲ್ಲ. ಅಷ್ಟೆಲ್ಲ ವೇಷದಡಿ ಒಂದು ಪ್ರಾಮಾಣಿಕ ಚಾಸಿ ಉಳಿದುಕೊಂಡಿತ್ತು. ಇಡೀ ಗಾಡಿಯಲ್ಲಿ ನಂಬಬಹುದಾದ ಆ ಒಂದೇ ಭಾಗವನ್ನೇ ಮುಚ್ಚಿಟ್ಟಿದ್ದರು, ಮುಚ್ಚಬೇಕಾದ್ದೇನೂ ಅಲ್ಲಿ ಇರಲಿಲ್ಲ.

ಆದ್ದರಿಂದ ನನ್ನ ತೀರ್ಪು: ಕೊಳ್ಳಬಹುದು, ಆದರೆ ರಿಸ್ಟೋರ್ ಆಗದ ಜೀಪಿನ ಬೆಲೆಗೆ. ಅದರಿಂದಲೂ ಪುಟ್ಟಿ ತೆಗೆಸುವ, ಶಾಫ್ಟು ತರುವ, ಕಾಗದಪತ್ರ ಸರಿಪಡಿಸುವ ಖರ್ಚು ಕಳೆದು. ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಕೋಳಿ ಕೂರುವ ಜೀಪು ಈ ಹೊಳೆಯುವ ಜೀಪಿಗಿಂತ ಹೆಚ್ಚು ಬೆಲೆ ಬಾಳುತ್ತದೆ. ಯಾಕೆಂದರೆ ಅದರ ತುಕ್ಕು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ. ಗೆಳೆಯ ಎರಡು ಲಕ್ಷ ಹೇಳಿದ. 'ಮೂರು ಲಕ್ಷ ಬರೇ ಖರ್ಚ ಮಾಡೇನ್ರಿ ಇದಕ್ಕ' ಎಂದರು ಅವರು. ಅವರ ದನಿಯಲ್ಲಿ ಮೋಸವಿರಲಿಲ್ಲ, ನೋವಿತ್ತು. ಯಾರೋ ಗ್ಯಾರೇಜಿನವರು ಅವರಿಂದಲೂ ಹಾಗೇ ದುಡ್ಡು ತೆಗೆದಿದ್ದರು. ವ್ಯಾಪಾರ ಕುದುರಲಿಲ್ಲ.

ತಿಂಗಳೊಳಗೆ ಆ ಜೀಪು ಕೇಳಿದ ಬೆಲೆಗೆ ಹತ್ತಿರಹತ್ತಿರ ಮಾರಾಟವಾಯಿತು ಎಂದು ತಿಳಿಯಿತು. ಕೊಂಡವರು ದೊಡ್ಡ ಊರಿನವರು, ನಕ್ಷತ್ರ ನೋಡಿಯೇ ಮೆಚ್ಚಿದ್ದರಂತೆ. ಇದರಲ್ಲಿ ಗ್ಯಾರೇಜಿನವರನ್ನಷ್ಟೇ ದೂರಿ ಪ್ರಯೋಜನವಿಲ್ಲ. 1968ರಲ್ಲಿ ಹುಟ್ಟಿ ಅರ್ಧ ಶತಮಾನ ದುಡಿದ ಜೀಪು ನಮಗೆ ಸಾಲದು, ನಾವು ಹೋಗದ ಯುದ್ಧಕ್ಕೆ ಅದು ಹೋಗಿ ಬಂದಿರಬೇಕು ಎಂದು ಬಯಸುವವರು ನಾವೇ. ಆ ಬಯಕೆಗೆ ತಕ್ಕ ಬಣ್ಣವನ್ನು ಗ್ಯಾರೇಜು ಒದಗಿಸುತ್ತದೆ. ಗೆಳೆಯ ಇನ್ನೂ ಜೀಪು ಹುಡುಕುತ್ತಿದ್ದಾನೆ. ಈಗ ಬಣ್ಣ ಹೊಡೆಯದ್ದನ್ನು ಮಾತ್ರ.