ಜಗಲಿಯ ಓದು, ಅಂಗಳದ ಕಿವಿ

ಹಳ್ಳಿಯಲ್ಲಿ ಹುಟ್ಟಿದ ಲೇಖಕ ಕಣ್ಣಿಗೆ ಬಿದ್ದರೆ ಸಾಕು, ನಮ್ಮ ವಿಮರ್ಶೆ ಮಣ್ಣಿನ ವಾಸನೆ ಹಿಡಿದು ಹೊರಟುಬಿಡುತ್ತದೆ. ಕುಪ್ಪಳಿಯ ಕುವೆಂಪು, ಕೋಟದ ಕಾರಂತ, ಘೋಡಗೇರಿಯ ಕಂಬಾರ: ಊರಿನ ಹೆಸರು ಹೇಳಿದರೆ ಬರಹದ ಅರ್ಧ ಗುಟ್ಟು ಬಿಚ್ಚಿಟ್ಟಂತೆ. ಆ ಹುಡುಗರ ಕೈಗೆ ಯಾವ ಪುಸ್ತಕ ಸಿಕ್ಕಿತು, ಯಾರಿಗೆ ಸಿಗಲೇ ಇಲ್ಲ ಎಂಬ ಲೆಕ್ಕವನ್ನು ಮಾತ್ರ ಯಾರೂ ಅಷ್ಟಾಗಿ ಕೇಳುವುದಿಲ್ಲ. ಕನ್ನಡದ ಹಳ್ಳಿಯನ್ನು ಬರೆದದ್ದು ಊರಿನ ನೆನಪಿಗಿಂತ ಹೆಚ್ಚಾಗಿ ಊರು ಬಿಟ್ಟು ಹೋದವರ ಓದು ಎಂಬುದು ನನ್ನ ವಾದ.

ಕುವೆಂಪು ಅವರನ್ನೇ ನೋಡಿ. ಮಳೆಗಾಲದ ರಾತ್ರಿಗಳಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣಗಳನ್ನು ರಾಗವಾಗಿ ಓದುತ್ತಿದ್ದ ಮಲೆನಾಡಿನ ಮನೆಗಳಲ್ಲಿ ಬೆಳೆದವರು ಅವರು. ಆದರೂ ಮೈಸೂರಿಗೆ ಬಂದ ಹುಡುಗ ಮೊದಲು ಅಚ್ಚು ಹಾಕಿಸಿದ್ದು 1922ರಲ್ಲಿ, ಇಂಗ್ಲಿಷ್ ಪದ್ಯಗಳ ಪುಸ್ತಿಕೆಯನ್ನು. ನಿನ್ನ ಭಾಷೆಯಲ್ಲಿ ಬರೆ ಎಂದು ತಿದ್ದಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಕಾಡು ಗುಡ್ಡಗಳನ್ನು ವರ್ಡ್ಸ್‌ವರ್ತ್ ಓದಿದ ಕಣ್ಣು ಇನ್ನೊಮ್ಮೆ ನೋಡಿತು. 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿ ಆ ಕಣ್ಣಿಗೆ ಹೂವಯ್ಯ ಎಂಬ ಹೆಸರೇ ಇದೆ. ಮೈಸೂರಿನಲ್ಲಿ ಓದಿ ಬಂದ ಹೂವಯ್ಯ ಊರಿನ ಜಗಳ, ಕುಡಿತ, ಮೂಢನಂಬಿಕೆಗಳನ್ನೆಲ್ಲ ತನ್ನ ಆದರ್ಶದ ತಕ್ಕಡಿಯಲ್ಲಿಟ್ಟು ತೂಗುತ್ತಾನೆ. ಕಾರಂತರ ‘ಮರಳಿ ಮಣ್ಣಿಗೆ’ಯ ರಾಮನೂ ಮದರಾಸು ಕಂಡು ಬಂದವನೇ. ನವೋದಯದ ಹಳ್ಳಿಗೆ ಹೀಗೆ ರಜೆಯಲ್ಲೋ ಸೋತೋ ಹಿಂತಿರುಗುವ ಒಬ್ಬ ಓದುಗ ಬೇಕೇ ಬೇಕು.

1967ರ ‘ಮಲೆಗಳಲ್ಲಿ ಮದುಮಗಳು’ ಹೊತ್ತಿಗೆ ಕುವೆಂಪು ಆ ಓದುಗನನ್ನು ಕೆಳಗಿಳಿಸುತ್ತಾರೆ. ಕಥೆ ಶುರುವಾಗುವುದು ಹುಲಿಯ ಎಂಬ ನಾಯಿಯೊಂದಿಗೆ ಕಾಡುದಾರಿ ಹಿಡಿದ ಗುತ್ತಿಯಿಂದ. ಅವನು ಜೀತದಾಳು, ಅಕ್ಷರ ಅರಿಯದವನು. ಊರನ್ನು ತೂಗುವ ಹೂವಯ್ಯ ಇಲ್ಲದಿರುವುದರಿಂದ ಆ ಕಾಡಿನಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ. ಇದನ್ನು ಬಾಲ್ಯದ ನೆನಪು ಎನ್ನುವಂತೆಯೂ ಇಲ್ಲ. ಕಾದಂಬರಿಯ ಕಾಲ ಹತ್ತೊಂಬತ್ತನೇ ಶತಮಾನದ ಕೊನೆ, ಲೇಖಕರು ಹುಟ್ಟಿದ್ದು 1904ರಲ್ಲಿ. ಕಿವಿಗೆ ಬಿದ್ದ ಕಥೆಗಳನ್ನು ಅಷ್ಟು ಹರವಿನಲ್ಲಿ ಹೆಣೆಯುವ ಧೈರ್ಯ ಟಾಲ್‌ಸ್ಟಾಯ್ ಓದದೆ ಬರುತ್ತಿತ್ತೇ? ನನಗೆ ಸಂಶಯ. ಕನ್ನಡದ ಅತ್ಯಂತ ‘ಸ್ಥಳೀಯ’ ಕಾದಂಬರಿ ಬಹುಶಃ ಅತ್ಯಂತ ಓದಿಕೊಂಡ ಕಾದಂಬರಿಯೂ ಹೌದು.

ಇನ್ನು ಆ ಜಗಲಿಯ ವಿಚಾರ. ಕಾವ್ಯ ಓದುತ್ತಿದ್ದ ಜಗಲಿಗೆ ಎಲ್ಲರೂ ಹತ್ತುವಂತಿರಲಿಲ್ಲ. ಕೆಲವರು ಅಂಗಳದಲ್ಲೇ ನಿಂತು ಕೇಳಬೇಕಿತ್ತು. ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಮಂಚನಬೆಲೆಯಲ್ಲಿ ಹುಡುಗ ಮೊದಲು ಕಾಣುವುದು ಎತ್ತುಗಳಂತೆ ನೊಗಕ್ಕೆ ಹೆಗಲು ಕೊಟ್ಟ ಇಬ್ಬರನ್ನು. ಅವರಲ್ಲಿ ಒಬ್ಬರು ಅವನ ಅಪ್ಪ. ಇಂಥ ಬಾಲ್ಯ ಬೆಂಗಳೂರಿಗೆ ಬಂದು, ಹಾಸ್ಟೆಲ್ ಸೇರಿ, ಅಕ್ಷರಕ್ಕೆ ಕೈಹಾಕಿದಾಗ ಹಳ್ಳಿಗಾಗಿ ಹಂಬಲಿಸಬೇಕಾದ ಕಾರಣವೇನೂ ಇರಲಿಲ್ಲ. ಆದರೂ ಅದೇ ಕವಿ ಮುಂದೆ ಡಾಕ್ಟರೇಟಿಗೆ ಆಯ್ದುಕೊಂಡ ವಿಷಯ ಗ್ರಾಮದೇವತೆಗಳು. ಹಿಂದಿರುಗಿದ ಓದುಗ ಇಲ್ಲೂ ಇದ್ದಾನೆ, ಹೂವಯ್ಯನ ಹಾಗೆ ಊರನ್ನು ತಿದ್ದಲು ಬಂದವನಲ್ಲ, ಅಷ್ಟೆ. ಪುಸ್ತಕದ ಬೀರುವಿದ್ದ ಮನೆಗಳಿಂದ ಬಂದವರ ಆತ್ಮಕಥೆಗಳಲ್ಲಿ ಮೊದಲ ಓದು ಸಹಜವಾಗಿ ಒದಗಿಬಂದ ಭಾಗ್ಯ. ದಲಿತರ ಆತ್ಮಕಥೆಗಳಲ್ಲಿ ಅದೊಂದು ಘಟನೆ, ಕೆಲವೊಮ್ಮೆ ಅಪರಾಧ.

(ಬಸ್‌ಸ್ಟಾಂಡಿನ ಪುಸ್ತಕಗಳನ್ನೂ ಇಲ್ಲಿ ನೆನೆಯಬೇಕು. ನಾಲ್ಕನೇ ತರಗತಿಗೇ ಓದು ನಿಲ್ಲಿಸಿದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಎಷ್ಟು ಹಳ್ಳಿ ಹುಡುಗರಿಗೆ ಓದುವ ಚಟ ಹಿಡಿಸಿದನೋ! ಸಾಹಿತ್ಯ ಚರಿತ್ರೆಕಾರರು ಅವನಿಗಿನ್ನೂ ಕುರ್ಚಿ ಕೊಟ್ಟಿಲ್ಲ.)

ಈ ಪರಂಪರೆ ಅತ್ಯಂತ ಬಿಗಿಯಾದ ಗಂಟಿಗೆ ಬಂದು ನಿಲ್ಲುವುದು ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ. 1984ರ ಈ ಪುಟ್ಟ ಪುಸ್ತಕದಲ್ಲಿ ಪಾತ್ರಗಳಷ್ಟೇ ಅಲ್ಲ, ನಿರೂಪಣೆಯೂ ನಂಜನಗೂಡಿನ ಸೀಮೆಯ ಮಾತನ್ನೇ ಆಡುತ್ತದೆ. ದೀಪದ ಜೋತಮ್ಮಗಳೂ ಕೂತು ಹರಟುತ್ತವೆ. ಅಂಗಳದ ಕಿವಿಗೆ ಸಲೀಸಾಗಿದ್ದ ಮಾತು ಅಚ್ಚಿನ ಕನ್ನಡಕ್ಕೆ ಪಳಗಿದ ಕಣ್ಣಿಗೆ ಕಗ್ಗಂಟಾಯಿತು. ಕೊನೆಗೆ ಹಳಗನ್ನಡದ ವಿದ್ವಾಂಸ ಎಲ್. ಬಸವರಾಜು ಅದರ ಗದ್ಯವನ್ನು ಪದ್ಯದಂತೆ ಸಾಲು ಮುರಿದು ಓದಲು ಅನುವು ಮಾಡಿಕೊಟ್ಟರು. ಪಂಪನನ್ನು ಓದಿಸಬಲ್ಲವರು ನಂಜನಗೂಡಿನ ಕೇರಿಯ ಮಾತನ್ನೂ ಓದಿಸಬೇಕಾಗಿ ಬಂದದ್ದರಲ್ಲಿ ನಮ್ಮ ಓದು ಯಾರ ಜಗಲಿಯಲ್ಲಿ ಬೆಳೆದದ್ದು ಎಂಬುದು ಬಯಲಾಯಿತು.

ಇಂದಿನ ಗ್ರಾಮೀಣ ಕಾದಂಬರಿಗಳಲ್ಲಿ ಹೆಚ್ಚಿನವು ಆ ತೊಡಕನ್ನು ಮೈಮೇಲೆ ಎಳೆದುಕೊಳ್ಳುವುದಿಲ್ಲ. ಉದ್ಧರಣ ಚಿಹ್ನೆಯ ಒಳಗೆ ಊರ ಮಾತು, ಹೊರಗೆ ಪತ್ರಿಕೆಯ ಕನ್ನಡ. ಅಜ್ಜಿ ಇದ್ದಾಳೆ, ಜಾತ್ರೆ ಇದೆ, ಕೆರೆ ಏರಿ ಇದೆ. ಅದನ್ನೆಲ್ಲ ನೋಡುತ್ತಿರುವವನು ಮಾತ್ರ ಇನ್ನೂ ರಜೆಗೆ ಬಂದ ಹೂವಯ್ಯನೇ, ಕುವೆಂಪು ಅವನನ್ನು ಬಿಟ್ಟು ಮುಂದೆ ಹೋದದ್ದು ಗೊತ್ತಿಲ್ಲದವನಂತೆ.